ಬಿಟ್ಟುಬಂದ ಊರಿಗೆ ಅತಿಥಿಯಾಗಿ

ಒಂದು ಕಾಲಕ್ಕೆ ನಮ್ಮದೇ ಆಗಿದ್ದ ಊರಿಗೆ ಗೆಳೆಯರನ್ನು ನೋಡಲು ಹೋಗುವವರು ಎಡವುವುದು ಸಮಯದ ಲೆಕ್ಕದಲ್ಲಿ. 3 ದಿನಕ್ಕೆ 10 ಮನೆ ಅಂತ ಹಾಕಿಕೊಂಡರೆ ಎಲ್ಲ ಕಡೆಯೂ ಬಾಗಿಲಲ್ಲೇ ನಿಂತು ಮಾತಾಡಿ ಬಂದ ಹಾಗಾಗುತ್ತದೆ. ದಿನಕ್ಕೆ ಎರಡು ಭೇಟಿ ಸಾಕು, ಆ ಎರಡು ಮನೆಗಳೂ ಊರಿನ ಒಂದೇ ದಿಕ್ಕಿಗಿರಲಿ. ತಲೆಯಲ್ಲಿರುವ ನಕ್ಷೆ ಊರು ಬಿಟ್ಟ ವರ್ಷದ್ದು. ಈಗ ರಸ್ತೆ ಒನ್‌ವೇ ಆಗಿರಬಹುದು, ಬಸ್ ನಂಬರ್ ಬದಲಾಗಿರಬಹುದು. ನೆನಪಿನ 20 ನಿಮಿಷದ ದಾರಿಗೆ 40 ನಿಮಿಷ ಇಟ್ಟುಕೊಳ್ಳಿ.

ಎರಡು ವಾರ ಮೊದಲೇ ತಿಳಿಸಿ. "ಬರ್ತಿದ್ದೀನಿ, ಸಿಗೋಣ" ಅಂದರೆ ಸಾಲದು. "ಶನಿವಾರ ಸಂಜೆ 5ಕ್ಕೆ, ನಿನ್ನ ಮನೆ ಹತ್ತಿರಾನೇ" ಅನ್ನಬೇಕು. ಹಿಂದಿನ ದಿನ ಇನ್ನೊಂದು ಮೆಸೇಜ್. ರಜೆ ಇರುವುದು ನಮಗೆ, ಅವರಿಗಲ್ಲ. ಪುಟ್ಟ ಮಕ್ಕಳಿರುವ ಮನೆಗೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ರಾತ್ರಿ 9ಕ್ಕೆ ಹೋದರೆ ಒಬ್ಬರು ಮಗುವನ್ನು ತಟ್ಟುತ್ತಾ ಒಳಗಿರುತ್ತಾರೆ, ಇನ್ನೊಬ್ಬರು ಹೊರಗೆ ಪಿಸುದನಿಯಲ್ಲಿ ನಮ್ಮನ್ನು ಮಾತಾಡಿಸುತ್ತಿರುತ್ತಾರೆ.

ಎಲ್ಲರನ್ನೂ ಒಂದೇ ಕಡೆ ಸೇರಿಸುವುದು ಸುಲಭ, ಆದರೆ ಐದಾರು ಜನ ದಾಟಿದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ. ತೀರಾ ಹತ್ತಿರದವರಿಗೆ ಬೇರೆಯಾಗಿ ಎರಡು ಗಂಟೆಯಾದರೂ ಕೊಡಿ. ಮೊದಲ ಅರ್ಧ ಗಂಟೆ ಕೆಲಸ, ಆರೋಗ್ಯ, ಅಪ್ಪ ಅಮ್ಮನ ವಿಚಾರಣೆಯಲ್ಲೇ ಕಳೆಯುತ್ತದೆ. ಹಳೇ ಸಲಿಗೆ ಬರುವುದು ಅದಾದ ಮೇಲೆ.

ಅರ್ಧ ದಿನ ಮಾತ್ರ ಯಾರಿಗೂ ಹೇಳದೆ ಖಾಲಿ ಇಡಿ. ಹಳೇ ಬೀದಿಯಲ್ಲಿ ಕಾಲು ತಾನಾಗಿಯೇ ತಿರುವು ಹಿಡಿಯುತ್ತದೆ. ಗೇಟಿಗೆ ಬೇರೆ ಬಣ್ಣ, ತಂತಿಯ ಮೇಲೆ ಬೇರೆ ಯಾರದೋ ಬಟ್ಟೆ. ಚಿಲಕ ತೆಗೆಯಲು ಹೊರಟ ಕೈ ಅಲ್ಲೇ ನಿಲ್ಲುತ್ತದೆ.