ಸ್ಟಿಕ್ಕರ್ ಎದ್ದರೆ ಮೊದಲು ರೋಲ್‌ಗೆ ಬೈಯಬೇಡಿ

ಮಳೆಗಾಲದಲ್ಲಿ ಮರದ ಬೋರ್ಡಿಗೆ ವಿನೈಲ್ ಅಕ್ಷರದ (ರೋಲಿನಲ್ಲಿ ಬರುವ ಅಂಟು ಹಾಳೆಯಿಂದ ಕತ್ತರಿಸಿದ ಸ್ಟಿಕ್ಕರ್ ಅಕ್ಷರ) ಆರ್ಡರ್ ಬಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಎಸಿಪಿಯೋ (ಅಲ್ಯೂಮಿನಿಯಂ ಹಾಳೆ ಹೊದಿಸಿದ ಬೋರ್ಡ್) ಅಕ್ರಿಲಿಕ್ಕೋ ಆದರೆ ಒರೆಸಿ, ಅಂಟಿಸಿ, ಬಿಲ್ ಹರಿದು ಕೊಡಬಹುದು. ಆದರೆ ತೀರ್ಥಹಳ್ಳಿ, ಆಗುಂಬೆ ಕಡೆಯ ಹೋಂಸ್ಟೇಯವರಿಗೆ ಮರವೇ ಬೇಕು: ಕಡು ಹಸಿರು ಎನಾಮೆಲ್, ಬಿಳಿ ಅಕ್ಷರ, ತೂಗುಹಾಕಲು ಎರಡು ಸರಪಳಿ. ಬ್ರಷ್‌ನಲ್ಲಿ ಬರೆಸೋಣ ಅಂದರೆ ಒಪ್ಪುವುದಿಲ್ಲ, ‘ಕಂಪ್ಯೂಟರ್ ಅಕ್ಷರ’ವೇ ಆಗಬೇಕು.

ಕಳೆದ ಜುಲೈಯಲ್ಲಿ ಅಂಥದ್ದೇ ಒಂದು ಬಂತು. ಮರುದಿನ ಬೆಳಿಗ್ಗೆ ಅವರ ಗೃಹಪ್ರವೇಶ, ಸಂಜೆ ಜೀಪ್ ಬಂದು ಬಾಗಿಲಲ್ಲಿ ನಿಂತಿತ್ತು. ಪೇಂಟರಣ್ಣ ಬೋರ್ಡ್ ತಂದು ಟೇಬಲ್ ಮೇಲಿಟ್ಟು, “ಒಣಗಿದೆ ಮಾರಾಯ, ಮುಟ್ಟಿ ನೋಡು” ಅಂದ. ಮುಟ್ಟಿದೆ. ಕೈಗೆ ಅಂಟಲಿಲ್ಲ. ಆರ್ಡರಿನ ವಿವರ ಬರೆಯುವ ಜಾಬ್ ಕಾರ್ಡಿಗೆ ಟಿಕ್ ಹಾಕಿದೆ.

ಕಂಪ್ಯೂಟರ್ ಫೈಲಿನಲ್ಲಿ ಒಂದರ ಮೇಲೊಂದು ಬಂದ ಗೆರೆಗಳನ್ನು ಬೆಸೆದು ವೆಲ್ಡ್ ಮಾಡಿಯಾಗಿತ್ತು, ಹುಡುಗ ಅಕ್ಷರದ ಸುತ್ತಲಿನ ಬೇಡದ ವಿನೈಲ್ ಕಿತ್ತು ವೀಡಿಂಗ್ ಮುಗಿಸಿದ್ದ. ಸ್ಕ್ವೀಜಿ (ಒತ್ತಿ ಕೂರಿಸುವ ಪ್ಲಾಸ್ಟಿಕ್ ಪಟ್ಟಿ) ಎಳೆದು, ಅಕ್ಷರಗಳನ್ನು ಬೋರ್ಡಿಗೆ ದಾಟಿಸುವ ಟ್ರಾನ್ಸ್‌ಫರ್ ಟೇಪನ್ನು ಬೋರ್ಡಿಗೆ ಒರಗಿಸಿಕೊಂಡೇ ಹಿಂದಕ್ಕೆ ಮಡಚಿ ಬಿಡಿಸತೊಡಗಿದೆ. ಮೊದಲ ಎರಡು ಅಕ್ಷರ ಕೂತವು. ಮೂರನೆಯದರ ಒತ್ತಕ್ಷರ ಟೇಪಿನ ಜೊತೆಗೇ ಎದ್ದು ಬಂತು. ಉಗುರಲ್ಲಿ ಒತ್ತಿ ಕೂರಿಸಿ ಮತ್ತೆ ಎಳೆದೆ. ಬಲಮೂಲೆಗೆ ಬರುವಷ್ಟರಲ್ಲಿ ಪೇಂಟೇ ಸಿಪ್ಪೆಯಂತೆ ಸುಲಿದು ಬಂದು, ಕೆಳಗಿನ ಗುಲಾಬಿ ಪ್ರೈಮರ್ ಅಂಗೈಯಗಲ ಕಾಣಿಸಿತು. ಹುಡುಗ ಉಸಿರೆತ್ತಲಿಲ್ಲ. ಜೀಪಿನವ ಮಾತ್ರ ಹಾರ್ನ್ ಹೊಡೆದ.

ಓನರ್ ಬಂದು ನೋಡಿ, “ರೋಲ್ ಸರಿಯಿಲ್ಲ, ಬೇರೆ ಹಾಕು” ಅಂದರು. ನನಗೂ ಹಾಗೇ ಅನಿಸಿತ್ತು, ಏಕೆಂದರೆ ಆ ರೋಲ್ ಮಾನೋಮೆರಿಕ್ ಅನ್ನುವ ಅಗ್ಗದ ಜಾತಿಯ ವಿನೈಲ್. ‘ಕಾಸ್ಟ್’ ಅನ್ನುವ ದುಬಾರಿ ಜಾತಿಯ ವಿನೈಲ್ ರೋಲ್ ತೆಗೆದು ಮತ್ತೆ ಕಟ್ ಮಾಡಿಸಿದೆ. ಅಷ್ಟರಲ್ಲಿ ಪೇಂಟರಣ್ಣ ಮೂಲೆಗೆ ಟಚಪ್ ಕೊಟ್ಟು ಹ್ಯಾಲೋಜನ್ ಲೈಟ್ ಹಿಡಿದ. ನಾನು ಗ್ರಿಪ್ ಬರಲಿ ಅಂತ ಉಳಿದ ಭಾಗವನ್ನೆಲ್ಲ 120ನೇ ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿಸಿದೆ. ಅಲ್ಲೇ ನಿಲ್ಲಿಸಬೇಕಿತ್ತು. ಪೂರ್ತಿ ಒಣಗಿದ ಎನಾಮೆಲ್ ಉಜ್ಜಿದರೆ ಪುಡಿ ಉದುರುತ್ತದೆ. ನಮ್ಮ ಪೇಪರಿಗೆ ಹಸಿರು ಹಸಿರು ಉಂಡೆ ಕಟ್ಟುತ್ತಿತ್ತು. ಕಣ್ಣೆದುರೇ ಇತ್ತು, ಹುಡುಗನಿಗೆ “ಪೇಪರ್ ಹಳೇದು, ಹೊಸದು ತಗೋ” ಅಂದೆ.

ಕಾಸ್ಟ್ ವಿನೈಲ್ ಕೂತಿತು. ಜೀಪಿನವನಿಗೆ ಬೆಳಿಗ್ಗೆ ಬೇಗ ಬರಲು ಹೇಳಿ ಬಾಗಿಲು ಹಾಕಿದೆವು. ಬೆಳಿಗ್ಗೆ ನೋಡಿದರೆ ಅಕ್ಷರಗಳ ತುಂಬ ಗುಳ್ಳೆ. ಸಣ್ಣ ಬರಹದಲ್ಲಿ ಅಷ್ಟು ಕಾಣುತ್ತಿರಲಿಲ್ಲವೇನೋ. ಆದರೆ 2024ರಲ್ಲಿ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಬೋರ್ಡಿನಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಹೆಸರಿನ ಅಕ್ಷರಗಳು ದಪ್ಪ, ಗುಳ್ಳೆಗೆ ಬೇಕಾದಷ್ಟು ಜಾಗ. ಗುಳ್ಳೆಯ ಮೂಲ ಪೇಂಟಿನಲ್ಲೇ: ಎನಾಮೆಲ್ ಗಟ್ಟಿಯಾಗಲು ಗಾಳಿಯ ಆಮ್ಲಜನಕ ಬೇಕು. ದಪ್ಪ ಕೋಟ್ ಹೊಡೆದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ಥಿನ್ನರ್ ಅಲ್ಲೇ ಉಳಿಯುತ್ತದೆ. ಆಗುಂಬೆ ಕಡೆಯ ತಂಡಿಯಲ್ಲಿ ಇದು ಇನ್ನೂ ನಿಧಾನ. ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಆ ಆವಿ ಹೋಗುವುದಾದರೂ ಎಲ್ಲಿಗೆ? ಜೊತೆಗೆ 120ರ ಗೀರುಗಳು ವಿನೈಲಿನ ಮೇಲೂ ಗೆರೆಗಳಾಗಿ ಎದ್ದು ಕಾಣುತ್ತಿದ್ದವು, ಅಂಚುಗಳೂ ಬಿಡತೊಡಗಿದ್ದವು. ಗೀರು ಬೇಕಾದದ್ದು ಮುಂದಿನ ಕೋಟ್ ಪೇಂಟಿಗೆ. ವಿನೈಲಿನ ಗಮ್ ಹಿಡಿಯಬೇಕಾದರೆ ನಯವೇ ಬೇಕು.

ಪೇಂಟರಣ್ಣನ ಮೇಲೆ ರೇಗಿದೆ. ಆತ ಹೇಳಿದ್ದೂ ಸರಿಯೇ: “ನಿಮ್ಮ ಕೌಂಟರ್‌ನವರು ನಾಡಿದ್ದೇ ಬೇಕು ಅಂದ್ರು. ತೆಳ್ಳಗೆ ಎರಡು ಕೋಟ್ ಹೊಡೆಯಕ್ಕೆ ಟೈಮ್ ಎಲ್ಲಿತ್ತು? ಒಂದೇ ದಪ್ಪ ಹೊಡೆದೆ.” ನಮ್ಮ ಜಾಬ್ ಕಾರ್ಡಿನಲ್ಲಿ ಅಡ್ವಾನ್ಸ್, ಬ್ಯಾಲೆನ್ಸ್, ಜಿಎಸ್‌ಟಿ ಎಲ್ಲಕ್ಕೂ ಕಾಲಂ ಇದೆ, ಪೇಂಟ್ ಹೊಡೆದ ತಾರೀಕಿಗೆ ಇಲ್ಲ. ಕೊನೆಗೆ ಅದೇ ಫೈಲನ್ನು ಮತ್ತೆ ಕಟ್ ಮಾಡಿ, ಹಗುರ ಫೋಮ್ ಹಾಳೆಯ ಸನ್‌ಬೋರ್ಡಿಗೆ ಅಂಟಿಸಿ ಜೀಪು ಹತ್ತಿಸಿದೆವು. ಗೃಹಪ್ರವೇಶದ ಫೋಟೋಗಳಲ್ಲಿ ಗಾಳಿಗೆ ಬಾಗಿಕೊಂಡು ನಿಂತಿರುವುದು ಅದೇ.

ಹಲಗೆಯನ್ನು ಪೂರ್ತಿ ಕೆರೆದು ಮತ್ತೆ ಮಾಡಿದೆವು. ಈಗ ಪ್ಲೈ ಕೊಯ್ದ ಅಂಚುಗಳಿಗೇ ಮೊದಲು ಪ್ರೈಮರ್ ಕುಡಿಸುತ್ತೇವೆ, ನೀರು ನುಗ್ಗುವುದು ಅಲ್ಲಿಂದಲೇ. ಲಪ್ಪ (ಗುಂಡಿ ತುಂಬುವ ಪುಟ್ಟಿ) ಹಾಕಿ 180ನೇ ನಂಬರ್ ಸ್ಯಾಂಡ್ ಪೇಪರ್, ಆಮೇಲೆ 320. ಎನಾಮೆಲ್ ತೆಳ್ಳಗೆ ಎರಡು ಕೋಟ್. ಆಮೇಲೆ ಕಾಯುವುದು, ಬಿಸಿಲುಗಾಲದಲ್ಲೂ ವಾರಕ್ಕೆ ಕಡಿಮೆ ಇಲ್ಲ. ಕಾಣದ ಮೂಲೆಯಲ್ಲಿ ಹೆಬ್ಬೆರಳ ಉಗುರು ಒತ್ತಿ ನೋಡುತ್ತೇನೆ. ಗುರುತು ಬಿದ್ದರೆ ಬೋರ್ಡ್ ವಾಪಸ್ ಶೆಡ್ಡಿಗೆ. ಮೂಗು ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಬಂದರೂ ಅಷ್ಟೇ. ಧೂಳಿನ ಕಾಳು ಕೂತಿದ್ದರೆ ಮಾತ್ರ 400ರಲ್ಲಿ ಮೆಲ್ಲಗೆ ನೀರುಜ್ಜು. ಒರೆಸಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ಟರ್ಪೆಂಟೈನ್ ಜಿಡ್ಡು ಬಿಡುತ್ತದೆ, ಅದನ್ನು ಟೇಬಲ್ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ವೇಸ್ಟ್ ವಿನೈಲಿನಲ್ಲಿ ಒಂದು ಸಣ್ಣ ಒತ್ತಕ್ಷರ ಅಂಟಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಕಿತ್ತು ನೋಡುತ್ತೇನೆ.

ಪೇಂಟ್ ತಾರೀಕಿನ ಕಾಲಂ ಹಾಕಿಸಿ ಅಂತ ಓನರ್‌ಗೆ ಹೇಳಿದೆ. ಹಳೇ ಕಾರ್ಡ್ ಬಂಡಲ್ ಖಾಲಿಯಾಗಲಿ ಅಂದರು. ಈಗ ನಾನೇ ಮೇಲೆ ಪೆನ್ನಲ್ಲಿ ಗೀಚುತ್ತೇನೆ. ಮಳೆಗಾಲದ ಎನಾಮೆಲ್‌ಗೆ ಮೂರು ವಾರ ಅಂತ ಬರೆದರೆ, ಅದನ್ನು ಹೊಡೆದುಹಾಕಿ ಒಂದು ವಾರ ಅಂತ ತಿದ್ದುವವರೂ ಓನರೇ.