ಹೂಮಳೆ, ಫಸಲು ಮತ್ತು ಒಂದು ಗ್ರಾಫ್ ಹಾಳೆ

ಚಿಕ್ಕಮಗಳೂರು, 19 ಜುಲೈ 2025, ಶನಿವಾರ

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಮೂಡಿಗೆರೆ ಕಡೆಯ ತೋಟದಿಂದ ಬಂದ ಚಿಕ್ಕಪ್ಪ ತಮ್ಮ ಮಳೆ ಪುಸ್ತಕವನ್ನೂ ತಂದಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಷ್ಟು ಸೆಂಟ್ ಬಿತ್ತು, ರೋಬಸ್ಟಾ ಕಾಫಿ ಎಷ್ಟು ಮೂಟೆ ಆಯಿತು, ಎಲ್ಲವೂ ಅದರಲ್ಲಿದೆ. (ನೂರು ಸೆಂಟ್ ಎಂದರೆ ಒಂದು ಇಂಚು. ನಮ್ಮ ಬೆಳೆಗಾರರಿಗೆ ಮಿಲಿಮೀಟರ್ ಇನ್ನೂ ಒಗ್ಗಿಲ್ಲ.) "ಹೂಮಳೆ ಬಂದರೆ ಫಸಲು ಬಂದ ಹಾಗೆಯೇ. ಇದಕ್ಕೂ ನಿನ್ನ ಲೆಕ್ಕ ಬೇಕೇನಮ್ಮಾ?" ಎಂದರು. ಸಂಖ್ಯಾಶಾಸ್ತ್ರ ಪಾಠ ಮಾಡುವವಳನ್ನು ಕೆಣಕಲು ಇಷ್ಟು ಸಾಕು. ಗ್ರಾಫ್ ಹಾಳೆ ಹರವಿ ಕುಳಿತೆ. ಅಡ್ಡಕ್ಕೆ ಮಳೆ, ಮೇಲಕ್ಕೆ ಮೂಟೆ, ವರ್ಷಕ್ಕೊಂದು ಚುಕ್ಕೆ.

ಚುಕ್ಕೆಗಳನ್ನು ನೋಡಿ ಸಹಸಂಬಂಧ (ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬುದು) ಎಷ್ಟೆಂದು ಅಂದಾಜು ಹೇಳುವುದು ಚೆಂದ, ಆದರೆ ಕಣ್ಣನ್ನು ಏಮಾರಿಸುವುದು ಬಹಳ ಸುಲಭ. ಅವೇ ಚುಕ್ಕೆಗಳನ್ನು ದೊಡ್ಡ ಚೌಕಟ್ಟಿನ ನಡುವೆ ಒತ್ತೊತ್ತಾಗಿ ಹಾಕಿದರೆ ಸಂಬಂಧ ಗಟ್ಟಿಯಾದಂತೆ ಕಾಣುತ್ತದೆ. 1982ರಲ್ಲಿ ಕ್ಲೀವ್‌ಲೆಂಡ್, ಡಯಾಕೊನಿಸ್ ಮತ್ತು ಮೆಕ್‌ಗಿಲ್ ಎಂಬ ಸಂಶೋಧಕರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹಾಗಾಗಿ ನಾನು ಎಣಿಸುತ್ತೇನೆ. ಅರ್ಧ ಚುಕ್ಕೆಗಳು ಎಡಕ್ಕೆ, ಅರ್ಧ ಬಲಕ್ಕೆ ಬರುವಂತೆ ಒಂದು ಲಂಬ ಗೆರೆ. ಅರ್ಧ ಮೇಲೆ, ಅರ್ಧ ಕೆಳಗೆ ಬರುವಂತೆ ಒಂದು ಅಡ್ಡ ಗೆರೆ. ಬಲಮೇಲಿನ ಮತ್ತು ಎಡಕೆಳಗಿನ ಮನೆಗಳ ಚುಕ್ಕೆಗಳು ಚಿಕ್ಕಪ್ಪನ ಪರ, ಉಳಿದೆರಡು ಮನೆಗಳವು ವಿರುದ್ಧ. 30 ಚುಕ್ಕೆಗಳಲ್ಲಿ 20 ಪರವಾಗಿದ್ದರೆ ಸಹಸಂಬಂಧದ ಗುಣಾಂಕ (ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1) ಸುಮಾರು 0.5, 24 ಇದ್ದರೆ ಸುಮಾರು 0.8. ಚುಕ್ಕೆಗಳ ಗುಂಪು ಮೊಟ್ಟೆಯಾಕಾರದಲ್ಲಿದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ, ಬಾಗಿದ್ದರೆ ಇಲ್ಲ. ಇನ್ನು 0.5 ಎಂದರೆ ಅರ್ಧ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಬರೆಯುತ್ತಾರೆ. ವರ್ಗ ಮಾಡಿ ನೋಡಬೇಕು: ಫಸಲಿನ ಏರಿಳಿತದಲ್ಲಿ ಮಳೆಯ ಜೊತೆ ಹೊಂದುವುದು ಕಾಲು ಭಾಗ ಮಾತ್ರ.

ಚಿಕ್ಕಪ್ಪನ ಹಾಳೆಯಲ್ಲಿ ಎಡಮೇಲಿನ ಮನೆ ತುಂಬಿಕೊಂಡಿತ್ತು. ಮಳೆ ಕಡಿಮೆ, ಫಸಲು ಭರ್ಜರಿ! ಅವರು ಕನ್ನಡಕ ಏರಿಸಿ ಆ ಚುಕ್ಕೆಗಳ ಮೇಲೆ ಬೆರಳಿಟ್ಟರು. "ಇವೆಲ್ಲ ಸ್ಪ್ರಿಂಕ್ಲರ್ ಹಾಕಿಸಿದ ಮೇಲಿನವು. ಹೂಮಳೆ ಕೈಕೊಟ್ಟರೂ ಕೆರೆಯ ನೀರು ಬಿಟ್ಟೆವಲ್ಲ." ಆ ವರ್ಷಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಬೇರೆಯಾಗಿ ಎಣಿಸಿದೆವು. ಹಳೆಯ ವರ್ಷಗಳು ಚಿಕ್ಕಪ್ಪ ಹೇಳಿದಂತೆಯೇ ಏರುತ್ತಾ ಹೋಗಿದ್ದವು. ಕೆಂಪು ಚುಕ್ಕೆಗಳಿಗೆ ಮಳೆಯ ಹಂಗೇ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕ್ಯಾಲ್ಕುಲೇಟರಿಗೆ ಹಾಕಿದ್ದರೆ ಎರಡಕ್ಕೂ ಸಲ್ಲದ ಒಂದು ಅಂಕಿ ಬರುತ್ತಿತ್ತು.

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕಂಬ್ ಹನ್ನೊಂದು ಹನ್ನೊಂದು ಚುಕ್ಕೆಗಳ ನಾಲ್ಕು ನಕ್ಷೆ ಕೊಟ್ಟಿದ್ದರು. ನಾಲ್ಕರಲ್ಲೂ ಗುಣಾಂಕ 0.816. ಒಂದು ಬಿಲ್ಲಿನಂತೆ ಬಾಗಿದೆ, ಇನ್ನೊಂದು ಒಂದೇ ಒಂದು ಚುಕ್ಕೆಯ ಬಲದ ಮೇಲೆ ನಿಂತಿದೆ. ಆದರೂ ನಮ್ಮ ಪಾಠಗಳಲ್ಲಿ ಸೂತ್ರ ಮೊದಲು, ಚಿತ್ರ ಸಮಯ ಉಳಿದರೆ.

ಕೆಂಪಲ್ಲದ ಒಂದು ಚುಕ್ಕೆ ಮಾತ್ರ ಬಲಕೆಳಗೆ ಒಂಟಿಯಾಗಿತ್ತು. ಚಿಕ್ಕಪ್ಪನಿಗೆ ಆ ವರ್ಷ ಚೆನ್ನಾಗಿ ನೆನಪಿತ್ತು: ಹೂ ಅರಳಿದ ದಿನವೇ ಮಳೆ ಹೊಡೆದು ಕಾಯಿ ಕಚ್ಚಲಿಲ್ಲವಂತೆ. ಹಾಗಾದರೆ ಎಷ್ಟು ಸೆಂಟ್ ಎನ್ನುವುದರ ಜೊತೆಗೆ ಯಾವ ದಿನ ಎನ್ನುವುದನ್ನೂ ನೋಡಬೇಕು. ತಾರೀಖುಗಳು ಪುಸ್ತಕದಲ್ಲೇ ಇವೆ. ಬಿಟ್ಟುಹೋಗಿ ಎಂದರೆ ಒಪ್ಪಲಿಲ್ಲ, ಮೊಬೈಲಿನಲ್ಲಿ ಪುಟಗಳ ಫೋಟೊ ತೆಗೆದುಕೊಂಡೆ.