ಅಂಗೈಯಗಲದ ಗಾಜಿನ ಸೀಸೆ

ನಿನ್ನೆ ರಾತ್ರಿ ‘ದಿ ಸೇಟನ್ ಬಗ್’ ಚಿತ್ರವನ್ನು ಮೂರನೆಯ ಸಲ ನೋಡಿದೆ. 1965ರ ಚಿತ್ರ, ನಿರ್ದೇಶಕ ಜಾನ್ ಸ್ಟರ್ಜಸ್. ಅಲಿಸ್ಟೇರ್ ಮೆಕ್ಲೀನ್ ಬೇರೆ ಹೆಸರಿನಲ್ಲಿ ಬರೆದಿದ್ದ ಕಾದಂಬರಿಯ ಕಥೆ ಇಂಗ್ಲೆಂಡಿನದು. ಸ್ಟರ್ಜಸ್ ಅದನ್ನು ಕ್ಯಾಲಿಫೋರ್ನಿಯಾದ ಮರುಭೂಮಿಗೆ ಒಯ್ದರು. ಒಳ್ಳೆಯದೇ ಆಯಿತು. ಆ ಬಯಲಿನಲ್ಲಿ ಅಡಗಲು ಒಂದು ಮರವೂ ಇಲ್ಲ, ಭಯಕ್ಕೆ ಎಲ್ಲೆಯೂ ಇಲ್ಲ.

ರಹಸ್ಯ ಪ್ರಯೋಗಾಲಯದಿಂದ ಸೀಸೆಗಳು ಕಳವಾಗುತ್ತವೆ. ಕೆಲವುಗಳಲ್ಲಿ ಬಾಟುಲಿನಸ್ ಎಂಬ ಮಾರಕ ವಿಷ, ಗಾಳಿಗೆ ಬಿದ್ದರೆ ಎಂಟು ಗಂಟೆಗಳಲ್ಲಿ ಅದರ ಶಕ್ತಿ ಉಡುಗುತ್ತದೆ. ಇನ್ನೊಂದರಲ್ಲಿರುವ ವೈರಸ್ ಮಾತ್ರ ಉಡುಗುವುದೇ ಇಲ್ಲ, ತಾನೇ ಬೆಳೆಯುತ್ತಾ ಹೋಗುತ್ತದೆ. ಈ ವ್ಯತ್ಯಾಸವನ್ನು ಪಾತ್ರವೊಂದು ತಣ್ಣಗೆ ವಿವರಿಸುವಾಗ ನನ್ನ ಕೈ ತಣ್ಣಗಾಯಿತು. ಹತ್ತೊಂಬತ್ತು ವರ್ಷಗಳಿಂದ ನಾನು ರೋಗಪತ್ತೆ ಪ್ರಯೋಗಾಲಯದಲ್ಲಿದ್ದೇನೆ. ಕಫದ ಮಾದರಿಯ ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡದೆ ತಟ್ಟೆಯಲ್ಲಿ ಇಟ್ಟವಳಲ್ಲ.

ನಟನೆ ಅಲ್ಲಲ್ಲಿ ಸಪ್ಪೆ, ನಿಜ. ಪ್ರೇಮದ ಎಳೆ ಬೇಕಿರಲಿಲ್ಲ. ಆದರೆ ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತ, ಕಾರಿನಲ್ಲಿ ಅಲುಗಾಡುವ ಆ ಸೀಸೆ: ಇವೆರಡೇ ಸಾಕು ನನ್ನನ್ನು ಕುರ್ಚಿಯ ಅಂಚಿಗೆ ತರಲು.

ಚಿತ್ರ ಬಂದಾಗ ಅಮೆರಿಕದಲ್ಲಿ ಇಂಥ ಅಸ್ತ್ರಗಳ ತಯಾರಿ ನಿಜಕ್ಕೂ ನಡೆದಿತ್ತು. ಅಧ್ಯಕ್ಷ ನಿಕ್ಸನ್ ಅದನ್ನು ನಿಲ್ಲಿಸಿದ್ದು 1969ರಲ್ಲಿ. ಜೈವಿಕ ಅಸ್ತ್ರ ನಿಷೇಧದ ಒಪ್ಪಂದ ಜಾರಿಯಾದದ್ದು 1975ರಲ್ಲಿ. ಚಿತ್ರದ ಮೊದಲ ಪ್ರೇಕ್ಷಕರು ಮನೆಗೆ ಹೋಗಿ ಹೇಗೆ ನಿದ್ದೆ ಮಾಡಿದರೋ ಎಂದು ಯೋಚಿಸುತ್ತಾ ಬೆಳಗಿನ ಜಾವದವರೆಗೂ ಎದ್ದಿದ್ದೆ.